ಕವಚವೂ ಅದರ ಋಣವೂ

ಹಿಂದಿನ ಕಾಲದ ಕವಚವು ಬಾಣವನ್ನು ತಡೆಯಬಲ್ಲುದಾಗಿದ್ದಿತೆ, ಇಲ್ಲವೆ ಎಂಬುದು ಇತಿಹಾಸವನ್ನೋದುವವರಲ್ಲಿ ಹಳೆಯ ಚರ್ಚೆ. ಕವಚದ ಪಕ್ಷವನ್ನು ಹಿಡಿದವರು ಕೆಲವರು, ಬಿಲ್ಲಿನ ಪಕ್ಷವನ್ನು ಹಿಡಿದವರು ಕೆಲವರು. ಈ ಚರ್ಚೆಯ ಬೆನ್ನಿಗೇ ಇನ್ನೊಂದು ಪ್ರಶ್ನೆಯು ಇರುವುದೆಂದು ನನಗೆ ತೋರುತ್ತದೆ. ಕವಚಕ್ಕೆ ತಾಗಿ ತಿರುಗಿದ ಬಾಣವು ಆಮೇಲೆ ಎಲ್ಲಿಗೆ ಹೋಯಿತು? ಮೊದಲನೆಯದು ಕಮ್ಮಾರನ ಪ್ರಶ್ನೆ, ಎರಡನೆಯದು ಧರ್ಮದ ಪ್ರಶ್ನೆ. ಕಮ್ಮಾರನದನ್ನು ಮೊದಲು ಮುಗಿಸಿಕೊಂಡು ಅನಂತರ ಧರ್ಮವಿಚಾರಕ್ಕೆ ಬರುವುದು ಲೇಸು.

ನಮ್ಮ ಪ್ರಾಚೀನರು ಕವಚವನ್ನು ಚೆನ್ನಾಗಿ ಬಲ್ಲವರು. ಅಮರಕೋಶವನ್ನು ಬಾಯಿಪಾಠ ಮಾಡಿದ ಬಾಲಕನು ತನುತ್ರ, ವರ್ಮ, ಉರಶ್ಛದ ಮೊದಲಾದ ಏಳು ಹೆಸರುಗಳನ್ನು ಅದಕ್ಕೆ ಹೇಳಬಲ್ಲನು. ಕೌಟಿಲ್ಯನು ಆಯುಧಾಗಾರದ ವಿಷಯವನ್ನು ಹೇಳುವಲ್ಲಿ ಕಬ್ಬಿಣದ ಬಲೆಯ ಕವಚ, ಕಬ್ಬಿಣದ ತಗಡಿನ ಕವಚ, ನೂಲಿನ ಕವಚ, ಖಡ್ಗಮೃಗ ಆನೆ ಎತ್ತು ಮುಂತಾದವುಗಳ ತೊಗಲು ಗೊರಸು ಕೊಂಬುಗಳಿಂದ ಮಾಡಿದ ಕವಚ ಎಂದು ಬಗೆಬಗೆಯಾಗಿ ಎಣಿಸುತ್ತಾನೆ. ತಲೆಗೆ, ಕೊರಳಿಗೆ, ಎದೆಗೆ, ಮೊಳಕಾಲಿನವರೆಗೆ, ಅಡಿಯವರೆಗೆ, ಕೈಬೆರಳಿಗೆ ಎಂದು ಬೇರೆ ಬೇರೆ ತೊಡುಗೆಗಳನ್ನೂ ಹೇಳುತ್ತಾನೆ. ನೂಲಿನ ಕವಚವೆಂದರೆ ನಗುವವರುಂಟು. ಆದರೆ ಹಲವು ಪದರಗಳನ್ನು ಒತ್ತಿ ಹೊಲಿದ ಬಟ್ಟೆಯು ಬಾಣದ ವೇಗವನ್ನು ನುಂಗುವುದು. ಉಂಗುರದ ಬಲೆಯು ಅಗಲವಾದ ಅಲಗನ್ನು ತಡೆಯುವುದಾದರೂ ಸಪುರವಾದ ಮೊನೆಗೆ ಬಿಚ್ಚಿಕೊಳ್ಳುವುದು. ನುಣುಪಾಗಿ ಇಳಿಜಾರಾಗಿ ಬಡಿದ ತಗಡು ಬಾಣವನ್ನು ಜಾರಿಸುವುದು. ಆದಕಾರಣ ಬಲ್ಲವರು ಒಂದರ ಕೆಳಗೆ ಇನ್ನೊಂದನ್ನು ತೊಡುತ್ತಿದ್ದರು.

ಇದರ ಫಲವೇನೆಂಬುದಕ್ಕೆ ಕಂಡವರ ಸಾಕ್ಷಿಯುಂಟು. 1191ರಲ್ಲಿ ಸುಲ್ತಾನ ಸಲಾದೀನನ ಜೊತೆಯಲ್ಲಿದ್ದ ಬಹಾ ಉದ್ದೀನನು, ದಪ್ಪ ಕಂಬಳಿಯಂಗಿಯನ್ನೂ ಉಂಗುರದ ಕವಚವನ್ನೂ ತೊಟ್ಟ ಯೂರೋಪಿನ ಕಾಲಾಳುಗಳು ಬೆನ್ನಿನಲ್ಲಿ ಹತ್ತರವರೆಗೆ ಬಾಣಗಳು ನೆಟ್ಟಿದ್ದರೂ ಸಾಲು ಬಿಡದೆ ನಡೆದರೆಂದು ಬೆರಗಿನಿಂದ ಬರೆದಿದ್ದಾನೆ. 2019ರಲ್ಲಿ ಇಂಗ್ಲೆಂಡಿನ ಕುಶಲಿಗಳು 1415ರ ಅಜಿನ್‌ಕೋರ್ಟ್ ಕದನದ ಕಾಲದ ಮಾದರಿಯಲ್ಲಿ ಎದೆತಗಡನ್ನು ಮಾಡಿಸಿ, 160 ಪೌಂಡಿನ ಎಳೆತವುಳ್ಳ ಬಿಲ್ಲಿನಿಂದ ಹೊಡೆದು ನೋಡಿದರು. ಬಾಣಗಳು ಒಡೆದುವು, ತಗಡು ತೂತಾಗಲಿಲ್ಲ. ಕವಚವು ಬಹುಮಟ್ಟಿಗೆ ಬಾಣವನ್ನು ಗೆದ್ದಿತೆಂಬುದೇ ಕಮ್ಮಾರನ ಪ್ರಶ್ನೆಗೆ ಉತ್ತರ.

ಹಾಗಾದರೆ 1346ರ ಕ್ರೆಸಿಯಲ್ಲಿ, 1415ರ ಅಜಿನ್‌ಕೋರ್ಟಿನಲ್ಲಿ ಕವಚ ತೊಟ್ಟ ಪ್ರಭುಗಳು ಬಿಲ್ಲಾಳುಗಳಿಗೆ ಸೋತುದೇಕೆ? ಕಾರಣಗಳು ಹಲವು, ಆದರೆ ಒಂದು ಮುಖ್ಯ: ಸವಾರನ ಎದೆಗೆ ಕಬ್ಬಿಣವಿದ್ದಷ್ಟು ಕುದುರೆಯ ಮೈಗೆ ಇರಲಿಲ್ಲ. ಬಾಣವು ಒಡೆಯನನ್ನು ಬಿಟ್ಟು ವಾಹನವನ್ನು ಹುಡುಕಿಕೊಂಡಿತು. ಮಹಾಭಾರತದ ದ್ರೋಣಪರ್ವವು ಇದನ್ನೇ ಹೇಳುವುದು. ಜಯದ್ರಥವಧೆಯ ದಿನ ದ್ರೋಣನು ಮಂತ್ರಪೂತವಾದ ಕವಚವನ್ನು ದುರ್ಯೋಧನನಿಗೆ ಕಟ್ಟಿ ಕಳುಹಿಸುತ್ತಾನೆ. ಅರ್ಜುನನ ಬಾಣಗಳು ಅದಕ್ಕೆ ತಾಗಿ ಬೀಳುತ್ತವೆ. ಆಗ ಅರ್ಜುನನು ಕುದುರೆಗಳನ್ನು ಕೊಲ್ಲುತ್ತಾನೆ, ಸಾರಥಿಗಳನ್ನು ಕೊಲ್ಲುತ್ತಾನೆ, ಬಿಲ್ಲನ್ನು ಕತ್ತರಿಸಿ, ಕಡೆಗೆ ಕವಚವಿಲ್ಲದ ಅಂಗೈಗಳನ್ನು ಚುಚ್ಚುತ್ತಾನೆ. ಆ ಸಂದರ್ಭದಲ್ಲಿ ಅವನು ಕೃಷ್ಣನಿಗೆ ಹೇಳುವ ಮಾತಿನ ತಾತ್ಪರ್ಯವು ಮನನೀಯವಾದುದು: ಇವನು ಕವಚವನ್ನು ತೊಟ್ಟಿರುವನು, ಆದರೆ ಅದನ್ನು ತೊಟ್ಟವನು ಮಾಡತಕ್ಕ ಕಾರ್ಯವನ್ನು ಅರಿಯನು. ಮಾಡತಕ್ಕ ಆ ಕಾರ್ಯವೆಂದರೆ ಅಲ್ಲಿ ರಣವಿದ್ಯೆಯೇ ಇರಬಹುದು. ಅದಕ್ಕೆ ಧರ್ಮದ ಅರ್ಥವನ್ನೂ ಹೇಳಬಹುದೆಂಬುದು ಈ ಲೇಖನದ ಅಭಿಪ್ರಾಯ.

ಕನ್ನಡನಾಡಿನ ಚರಿತ್ರೆಯಲ್ಲಿಯೂ ಇದೇ ನಡೆ ಕಾಣುವುದು. ಬಹಮನಿಗಳೆದುರು ತನ್ನ ಸೇನೆ ಮತ್ತೆ ಮತ್ತೆ ಸೋಲುವುದೇಕೆಂದು ವಿಜಯನಗರದ ಇಮ್ಮಡಿ ದೇವರಾಯನು ಕೇಳಿದನೆಂದೂ, ಅವರ ಕುದುರೆಗಳೂ ಬಿಲ್ಲಾಳುಗಳೂ ಕಾರಣವೆಂಬ ಉತ್ತರವನ್ನು ಪಡೆದು 2,000 ಮಂದಿ ಮುಸಲ್ಮಾನ ಬಿಲ್ಲುಗಾರರನ್ನು ಸೇರಿಸಿಕೊಂಡು, ತನ್ನವರಲ್ಲಿ 60,000 ಮಂದಿಗೆ ಬಿಲ್ವಿದ್ಯೆಯನ್ನು ಕಲಿಸಿದನೆಂದೂ ಫೆರಿಷ್ಟಾ ಬರೆಯುತ್ತಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ತುಗೀಸ್ ಪ್ರವಾಸಿ ಪೇಯಸ್ ಸೇನಾದರ್ಶನದಲ್ಲಿ ಪದರಪದರವಾದ ಗಟ್ಟಿ ತೊಗಲಿಗೆ ಕಬ್ಬಿಣವನ್ನು ಸೇರಿಸಿದ ನಿಲುವಂಗಿಗಳನ್ನು ಕಂಡನು. ಕೆಲವಕ್ಕೆ ಚಿನ್ನದ ಮುಲಾಮೂ ಇದ್ದಿತು. ಅದೇ ಕಾಲದಲ್ಲಿ, 1520ರ ರಾಯಚೂರಿನ ಮುತ್ತಿಗೆಯಲ್ಲಿ, ಪೋರ್ತುಗೀಸ್ ಬಂದೂಕಿನವರು ರಾಯನ ಕಡೆ ನಿಂತು ಕೋಟೆಯ ಮೇಲೆ ತಲೆ ತೋರಿದವರನ್ನು ಕೆಡಹಿದರು. ಏನಾಗುತ್ತಿದೆಯೆಂದು ಬಗ್ಗಿ ನೋಡಿದ ಕೋಟೆಯ ಅಧಿಕಾರಿಗೆ ಹಣೆಯ ನಡುವೆ ಗುಂಡು ತಾಗಿತೆಂದು ನೂನಿಜ್ ಹೇಳುತ್ತಾನೆ. ಅಲ್ಲಿಂದ ಮುಂದೆ ಕವಚದ ಕಾಲವು ಮುಳುಗುತ್ತ ಬಂದಿತು.

ಈಗ ನಮ್ಮ ಸೀಮೆಗೆ ಬರೋಣ. ಮಧುಗಿರಿಯ ಏಕಶಿಲೆಯ ದುರ್ಗ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಾವಗಡದ ಬೆಟ್ಟ, ಅದರಾಚೆಯ ನಿಡುಗಲ್ಲು, ಬಯಲಿನ ಶಿರಾ, ಇವೆಲ್ಲವೂ ಕೋಟೆಗಳ ನೆಲೆ. ಕೋಟೆಯೆಂದರೆ ಅರಸನು ಊರಿನ ಸಮೀಪದಲ್ಲಿ ತೊಟ್ಟ ಕಲ್ಲಿನ ಕವಚ. ಆ ಕವಚದ ಹೊರಗೆ ಯಾರಿದ್ದರು? ರೈತನಿದ್ದನು, ದನಗಾಹಿಯಿದ್ದನು, ಕೆರೆಯ ನೀರುಗಂಟಿಯಿದ್ದನು. ಶಿರಾ ಪಟ್ಟಣವು 1638ರಲ್ಲಿ ಬಿಜಾಪುರಕ್ಕೆ, 1687ರಲ್ಲಿ ಮೊಗಲರಿಗೆ, 1761ರಲ್ಲಿ ಹೈದರಾಲಿಗೆ ವಶವಾಯಿತು. ಒಡೆಯರು ಬದಲಾದಾಗಲೆಲ್ಲ ಮೊದಲ ಪೆಟ್ಟು ಗೋಡೆಯಾಚೆಯವರಿಗೆ.

ಕನ್ನಡನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ಕಣ್ಣಿಟ್ಟು ನೋಡಿರಿ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವಸನ್ನಿಧಿ. ತುರುಗಾಳಗದಲ್ಲಿ ಮಡಿದ ಆ ವೀರನ ಮೈಮೇಲೆ ಬಹುಸಾರಿ ಸೊಂಟದ ಬಟ್ಟೆಯಲ್ಲದೆ ಬೇರೇನೂ ಇಲ್ಲ. ಮೈಗೆ ನೆಟ್ಟ ಬಾಣಗಳನ್ನು ಕೂಡ ಶಿಲ್ಪಿಯು ಕೆಲವೆಡೆ ಕಂಡರಿಸಿದ್ದಾನೆ. ಕವಚವಿದ್ದವರಿಗೆ ಅರಮನೆಯ ಶಾಸನಗಳು ದೊರೆತುವು, ಇಲ್ಲದವನಿಗೆ ಒಂದು ಕಲ್ಲು ದೊರೆಯಿತು. ಆ ಕಲ್ಲನ್ನು ನೆಟ್ಟವರು ತಮಗೆ ತಾಗಬೇಕಾದುದು ಇವನಿಗೆ ತಾಗಿತೆಂಬುದನ್ನು ಅರಿತವರೆಂದೇ ನಾನು ತಿಳಿಯುತ್ತೇನೆ.

ಇಲ್ಲಿ ಒಂದು ಪೂರ್ವಪಕ್ಷ. ಕವಚವು ಅಧರ್ಮವೆಂದು ಹೇಳಲಾದೀತೆ? ನಾಯಕನು ಬರಿಮೈಯಲ್ಲಿ ನಿಂತು ಸತ್ತರೆ ಸೇನೆಯ ಗತಿಯೇನು? 1565ರಲ್ಲಿ ಅಳಿಯ ರಾಮರಾಯನು ಸೆರೆಸಿಕ್ಕಿ ಹತನಾದೊಡನೆ ಅಷ್ಟು ದೊಡ್ಡ ದಂಡು ಚೆದರಿ ಓಡಲಿಲ್ಲವೆ? ಇಂಗ್ಲೆಂಡಿನ ಅರಸ ರಿಚರ್ಡನು 1199ರಲ್ಲಿ ಮೈಗೆ ಕವಚವಿಲ್ಲದೆ ಒಂದು ಸಣ್ಣ ಕೋಟೆಯ ಬಳಿ ಸುಳಿದಾಡಿ, ಹೆಗಲಿಗೆ ಬಾಣ ತಾಗಿ ಸಾಯಲಿಲ್ಲವೆ? ಒಬ್ಬನ ರಕ್ಷಣೆಯಲ್ಲಿ ಹಲವರ ರಕ್ಷಣೆಯಿರುವುದರಿಂದ ಅವನಿಗೆ ಕವಚವು ಬೇಕೇ ಬೇಕು.

ಈ ವಾದವು ಬಲವಾದುದು, ಅದನ್ನು ತಳ್ಳಿಹಾಕಲಾಗದು. ಆದರೆ ಅದನ್ನು ಒಪ್ಪಿದ ಗಳಿಗೆಯಲ್ಲಿಯೇ ಕವಚವು ನಾಯಕನ ಸ್ವಂತ ಸೊತ್ತಾಗಿ ಉಳಿಯುವುದಿಲ್ಲ. ಹಲವರಿಗಾಗಿ ಅವನು ರಕ್ಷಿತನಾದರೆ, ಆ ರಕ್ಷಣೆಯು ಹಲವರು ಅವನಲ್ಲಿ ಇಟ್ಟ ನ್ಯಾಸ. ನಮ್ಮ ಧರ್ಮಶಾಸ್ತ್ರವೂ ಈ ದಾರಿಯನ್ನೇ ಹಿಡಿದಿದೆ. ಕವಚ ಕಳೆದುಕೊಂಡವನನ್ನು ಹೊಡೆಯಕೂಡದೆಂದು ಮನು ವಿಧಿಸುತ್ತಾನೆ. ಕವಚವಿಲ್ಲದ ಕ್ಷತ್ರಿಯನೊಡನೆ ಯುದ್ಧ ಮಾಡಬಾರದು, ಎದುರಾಳಿಯು ಕವಚ ತೊಟ್ಟು ಬಂದರೆ ತಾನೂ ತೊಡಬೇಕೆಂದು ಶಾಂತಿಪರ್ವದಲ್ಲಿ ಭೀಷ್ಮನು ಹೇಳುತ್ತಾನೆ. ಯೂರೋಪಿನ ಧರ್ಮಗುರುಗಳ ಸಭೆಯೂ 1139ರಲ್ಲಿ ಕ್ರೈಸ್ತರ ಮೇಲೆ ಅಡ್ಡಬಿಲ್ಲನ್ನು ಪ್ರಯೋಗಿಸಕೂಡದೆಂದು ನಿಷೇಧಿಸಿತು. ಇವು ರಣದಲ್ಲಿ ಎಷ್ಟು ನಡೆದುವೆಂಬುದು ಬೇರೆ ಮಾತು. ಆದರೆ ನಮ್ಮ ಶಾಸ್ತ್ರಕಾರರು ಎದುರಾಳಿಯ ಬರಿಮೈಯನ್ನು ನೆನೆದಷ್ಟು, ತನ್ನ ಪಕ್ಕದಲ್ಲಿಯೇ ನಿಂತ ಕಾಲಾಳಿನ ಬರಿಮೈಯನ್ನು ನೆನೆಯಲಿಲ್ಲವೆಂಬುದು ನನ್ನನ್ನು ಬಹುಕಾಲದಿಂದ ಕಾಡುವ ಸಂಗತಿ.

ಬಾಣಗಳ ಕಾಲ ಮುಗಿಯಿತೆಂದು ನಿಶ್ಚಿಂತರಾಗುವಂತಿಲ್ಲ. ವಿದ್ಯೆ, ಹಣ, ಪದವಿ, ಹುಟ್ಟು ಇವೆಲ್ಲ ಇಂದಿನ ಕವಚಗಳು. 2020ರ ಸಾಂಕ್ರಾಮಿಕದಲ್ಲಿ ಬಾಗಿಲು ಹಾಕಿಕೊಂಡು ಮನೆಯಲ್ಲಿರಬಲ್ಲವರು ಇದ್ದರು. ಅವರ ಬಾಗಿಲಿಗೆ ಹಾಲು ತಂದವನು ಹೊರಗೆ ಓಡಾಡಲೇಬೇಕಾಗಿದ್ದಿತು. ರಕ್ಷಣಾಸಾಧನಗಳಿಲ್ಲದೆ ಮಲಗುಂಡಿಗೆ ಮನುಷ್ಯನನ್ನು ಇಳಿಸಕೂಡದೆಂದು 2013ರಲ್ಲಿಯೇ ಕಾನೂನಾಗಿದ್ದರೂ, ಕೈಗವಸೂ ಇಲ್ಲದೆ ಇಳಿದು ಸತ್ತವರ ಸುದ್ದಿ ಅದರ ಅನಂತರವೂ ಪತ್ರಿಕೆಗಳಲ್ಲಿ ಬಂದಿತು. ಆ ಗುಂಡಿಯು ಕವಚವುಳ್ಳ ಮನೆಗಳದೇ ಅಲ್ಲವೆ? ನಾವು ಕ್ಷೇಮವಾಗಿದ್ದೇವೆಂದರೆ ಬಾಣವು ಹಾರಲಿಲ್ಲವೆಂದಲ್ಲ, ಬೇರೆಯವರ ಮೈ ಸೇರಿತೆಂದು ಅನೇಕ ವೇಳೆ ಅರ್ಥ.

ಹಾಗೆಂದು ಕರ್ಣನಂತೆ ಕವಚವನ್ನು ಕತ್ತರಿಸಿ ಕೊಟ್ಟುಬಿಡಿರೆಂದು ಗೃಹಸ್ಥರಿಗೆ ಉಪದೇಶಿಸುವುದು ಸಲ್ಲದು. ಅಂಥ ದಾನದಿಂದ ಬರಿಮೈಯವರ ಲೆಕ್ಕದಲ್ಲಿ ಒಬ್ಬನು ಹೆಚ್ಚುವನಷ್ಟೆ. ಕವಚವುಳ್ಳವನು ಮಾಡತಕ್ಕ ಕಾರ್ಯಗಳು ಬೇರೆ. ಅಪಾಯ ಬಂದಾಗ ಅವನು ಹಿಂದಲ್ಲ, ಮುಂದೆ ನಿಲ್ಲಬೇಕು. ತನ್ನದನ್ನು ಥಳಕುಗೊಳಿಸುವ ಮೊದಲು ಪಕ್ಕದವನಿಗೆ ನೂಲಿನದಾದರೂ ಒಂದು ಕವಚವನ್ನು ಹೊಲಿಸಬೇಕು. ಅದೂ ಆಗದಿದ್ದಲ್ಲಿ, ತನಗೆ ತಾಗದೆ ಹೋದ ಬಾಣವು ಯಾರಿಗೆ ತಾಗಿತೆಂದು ವಿಚಾರಿಸಿ, ಅವನ ಮನೆಯವರನ್ನು ಕಂಡುಬರಬೇಕು. ಇಷ್ಟನ್ನು ಮಾಡಿದವನ ಮೈಮೇಲೆ ಕವಚವು ಶೋಭಿಸುವುದು. ಮಾಡದವನ ವಿಷಯದಲ್ಲಿ ಅರ್ಜುನನ ಮಾತೇ ಸಾಕು.