ಕಯ್ಯೂರಿನಿಂದ ಬೀಡಿಯ ಮೊರದವರೆಗೆ

ಬಂಡವಾಳಶಾಹಿ ಸಮಾಜವನ್ನು ಬದಲಿಸುವ ದಾರಿ ಯಾವುದೆಂಬ ಪ್ರಶ್ನೆ ಕಾಸರಗೋಡಿನ ನಮಗೆ ಪುಸ್ತಕದಿಂದ ಬಂದುದಲ್ಲ. 1941ರಲ್ಲಿ ಕಯ್ಯೂರಿನ ರೈತರು ಜಮೀನ್ದಾರರ ವಿರುದ್ಧ ಎದ್ದಾಗ ಈ ನೆಲ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮೆರವಣಿಗೆಗೆ ಸಿಕ್ಕ ಪೊಲೀಸ್ ಪೇದೆಯೊಬ್ಬನು ಹೊಳೆಯಲ್ಲಿ ಸತ್ತನು. 1943ರ ಮಾರ್ಚ್ 29ರಂದು ನಾಲ್ವರು ಯುವಕರು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದರು. ನಿರಂಜನರ ‘ಚಿರಸ್ಮರಣೆ’ಯಿಂದಾಗಿ ಅವರು ಕನ್ನಡಿಗರಿಗೆಲ್ಲ ಮನೆಯವರಾದರು. ಆ ದಾರಿಯ ಕುರಿತು ಬೇಕಾದಷ್ಟು ಬರೆದಾಗಿದೆ. ನನ್ನನ್ನು ಹೆಚ್ಚು ಕಾಡುವುದು ಅಷ್ಟೇನೂ ರೋಮಾಂಚನವಿಲ್ಲದ ಇನ್ನೊಂದು ದಾರಿ: ದಿನೇಶ್ ಬೀಡಿಯದು.

ಬೀಡಿ ಕಾರ್ಮಿಕರಿಗೆ ಕೆಲಸದ ಅವಧಿ, ರಜೆ ಮೊದಲಾದ ಹಕ್ಕುಗಳನ್ನು ನೀಡುವ ಕಾನೂನು 1966ರಲ್ಲಿ ಬಂದಿತು. ಕೇರಳ ಸರ್ಕಾರವು ಅದನ್ನು ಜಾರಿಗೆ ತರಹೊರಟಾಗ ಮಂಗಳೂರಿನ ಮಾಲೀಕರು ಕಣ್ಣೂರು ಸೀಮೆಯ ತಮ್ಮ ಕೆಲಸವನ್ನು ನಿಲ್ಲಿಸಿ ಹಿಂದಿರುಗಿದರು. ಸಾವಿರಾರು ಮಂದಿ ನಿರುದ್ಯೋಗಿಗಳಾದರು. 1969ರಲ್ಲಿ ಸರ್ಕಾರದ ನೆರವಿನಿಂದ ಆ ಕಾರ್ಮಿಕರೇ ಸಹಕಾರ ಸಂಘ ಕಟ್ಟಿ ಒಡೆಯರಾದರು. ಒಬ್ಬನು ಗಟ್ಟಿಯಾಗಿ ಪತ್ರಿಕೆ ಓದುವುದು, ಉಳಿದವರು ಬೀಡಿ ಕಟ್ಟುತ್ತ ಕೇಳುವುದು, ಓದಿದವನ ಪಾಲಿನ ಬೀಡಿಯನ್ನು ಮಿಕ್ಕವರು ಕಟ್ಟಿಕೊಡುವುದು, ಇದು ಆ ಸೀಮೆಯ ಹಳೆಯ ರೂಢಿ. ಅಂಥವರಿಗೆ ಒಡೆತನವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆದರೆ ಕಟ್ಟಿದ ಬೀಡಿಯನ್ನು ಮಾರಬೇಕಾದುದು ಅದೇ ಹಳೆಯ ಪೇಟೆಯಲ್ಲಿ. ಗಡಿಯ ಆಚೆ ದಕ್ಷಿಣ ಕನ್ನಡದ ಜಗಲಿಗಳಲ್ಲಿ, ಮೊರವನ್ನು ಮಡಿಲಲ್ಲಿಟ್ಟುಕೊಂಡು ನಮ್ಮದೇ ಅಕ್ಕತಂಗಿಯರು ಕಡಿಮೆ ಮಜೂರಿಗೆ ಬೀಡಿ ಕಟ್ಟುತ್ತಿದ್ದರು. ಈಚೆಯ ನ್ಯಾಯದ ಕೂಲಿಯು ಆಚೆಯ ಅಗ್ಗದ ಕೂಲಿಯೊಡನೆ ಪೈಪೋಟಿಗೆ ನಿಲ್ಲಬೇಕಾಯಿತು. ಅಲ್ಲಿಯೂ ಸಂಘಟನೆಯಿತ್ತು, ಹೋರಾಟಗಳೂ ನಡೆದವು. ಆದರೆ ಮನೆಮನೆಗೆ ಹಂಚಿಹೋದವರನ್ನು ಒಗ್ಗೂಡಿಸುವುದು ಒಂದೇ ಸೂರಿನಡಿ ಕುಳಿತವರನ್ನು ಒಗ್ಗೂಡಿಸಿದಷ್ಟು ಸುಲಭವಲ್ಲ.

ಇದನ್ನು ಕಂಡು ಸಹಕಾರವೆಂಬುದು ಬರಿಯ ತೇಪೆ, ವ್ಯವಸ್ಥೆಯೇ ಮಗುಚಬೇಕು ಎನ್ನುವ ಮಿತ್ರರಿದ್ದಾರೆ. ನಾನು ಒಪ್ಪಲಾರೆ. ನಾಳಿನ ಸಮಾಜಕ್ಕಾಗಿ ಇಂದಿನ ಒಲೆಯನ್ನು ಆರಿಸಿರೆಂದು ಹೇಳುವ ಅಧಿಕಾರ ಯಾರಿಗಿದೆ? ಹಾಗೆಂದು ನನಗೆ ನೆಮ್ಮದಿಯೂ ಇಲ್ಲ. ದುಡಿಯುವವರೇ ಒಡೆಯರಾಗಿ ತಯಾರಿಸಿದ ವಸ್ತು ಹೊಗೆಸೊಪ್ಪಿನದು; ಅದನ್ನು ಸೇದಿ ಎದೆ ಕೆಡಿಸಿಕೊಂಡವರೂ ಬಹುಮಟ್ಟಿಗೆ ದುಡಿಯುವವರೇ. ಬೇಡಿಕೆ ಕುಗ್ಗಿದಾಗ ಸಂಘವು ಕೊಡೆ, ಆಹಾರ ಪದಾರ್ಥ, ಉಡುಪುಗಳತ್ತ ಹೊರಳಿತು. ಪೇಟೆ ಬಲವಂತಪಡಿಸದಿದ್ದರೆ ಆ ಹೊರಳುವಿಕೆ ಆಗುತ್ತಿತ್ತೇ ಎಂಬ ಸಂದೇಹ ನನ್ನಲ್ಲಿ ಉಳಿದಿದೆ. ಗಡಿಯಾಚೆಯ ಜಗಲಿಯಲ್ಲಿ ಮೊರ ಹಿಡಿದವಳಿಗಾದರೋ ಹೊರಳಿಕೊಳ್ಳಲು ಸಂಘದ ಕಾರ್ಖಾನೆಯೂ ಇರಲಿಲ್ಲ.