ಅಪ್ಪನ ಉದ್ರಿ ಪುಸ್ತಕ

ಅಪ್ಪ ತೀರಿಕೊಂಡ ಮೇಲೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನನ್ನ ಕೈಗೆ ಬಂತು. ಅಕ್ಕಿ, ಬೇಳೆ, ಬೆಲ್ಲ. ಎಷ್ಟೋ ಹೆಸರುಗಳ ಮುಂದೆ ತೀರದ ಬಾಕಿ. ನನ್ನ ಕಾಲೇಜು ಫೀಸಿಗೆ ಅಮ್ಮನ ಬಳೆ ಅಡವಿಟ್ಟ ತಿಂಗಳಲ್ಲೂ ಅವರು ಯಾರನ್ನೂ ಒತ್ತಾಯಿಸಿರಲಿಲ್ಲ. ಮನೆಗಾಗಿಯೇ ಬದುಕಿದ ಉದಾರಿ ಎನ್ನುತ್ತಾರೆ ಊರವರು. ಆ ಔದಾರ್ಯದ ಬೆಲೆ ತೆತ್ತವರು ಯಾರು?

1963ರ ಕಾಲಮಿತಿ ಕಾಯ್ದೆಯಂತೆ ಇಂಥ ಬಾಕಿಗೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಅವಧಿ ಮೀರಿದರೆ ವಸೂಲಿಯ ದಾರಿ ಮುಚ್ಚುತ್ತದೆ, ಋಣ ಅಳಿಯುವುದಿಲ್ಲ. ಅಪ್ಪನನ್ನು ಇನ್ನು ಪ್ರಶ್ನಿಸಲಾಗದು, ನಿಜ. ಆದರೆ ಬಳೆಯನ್ನು ಮರೆತು ಅವರನ್ನು ಹೊಗಳಿದರೆ ಲೆಕ್ಕ ತಪ್ಪುತ್ತದೆ.

ಪುಸ್ತಕವನ್ನು ಅಮ್ಮನ ಮುಂದಿಟ್ಟು, "ಏನು ಮಾಡೋಣ?" ಎಂದೆ. "ಇರಲಿ ಬಿಡು" ಎಂದಳು. ಈ ವಿಷಯದಲ್ಲಿ ಅವಳನ್ನು ಕೇಳಿದ್ದು ಅದೇ ಮೊದಲು.