ಮೊದಲ ಸಂಕಲ್ಪ ಯಾರ ಸೊತ್ತು?

ಒಂದು ಉದ್ದೇಶವನ್ನು ಸಾರಿ, ಹತ್ತು ಜನರ ಹಣವನ್ನೂ ವಿಶ್ವಾಸವನ್ನೂ ಪಡೆದು ಉದ್ಯಮವನ್ನಾರಂಭಿಸಿದವನು, ಅದು ಬೆಳೆದ ಮೇಲೆ ಆ ಉದ್ದೇಶವನ್ನು ಮಾರ್ಪಡಿಸಬಹುದೆ? ಮಾರ್ಪಡಿಸಿದರೆ ಅದು ವಿವೇಕವೋ ವಚನಭಂಗವೋ? ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಲೋಕಾನುಭವಿಗಳು ಹೇಳುತ್ತಾರೆ. ಹಿಡಿದದ್ದನ್ನು ಬಿಡಬಾರದೆಂದು ವ್ರತನಿಷ್ಠರು ಹೇಳುತ್ತಾರೆ. ಮೊದಲ ಸಂಕಲ್ಪವು ಯಾರ ಸೊತ್ತೆಂಬುದನ್ನು ಮಾತ್ರ ಇಬ್ಬರೂ ವಿಚಾರಿಸುವುದಿಲ್ಲ.

1925ರಲ್ಲಿ ಉಡುಪಿಯಲ್ಲಿ ವೈದ್ಯರಾದ ಡಾಕ್ಟರ್ ಟಿ. ಎಂ. ಎ. ಪೈ, ವರ್ತಕರಾದ ಉಪೇಂದ್ರ ಅನಂತ ಪೈ, ಎಂಜಿನಿಯರರಾದ ವಾಮನ ಕುಡ್ವ ಈ ಮೂವರೂ ಸೇರಿ 8,000 ರೂಪಾಯಿಗಳ ಮೂಲಧನದಿಂದ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಕೈಮಗ್ಗದ ಕಸುಬು ಕುಂದಿ ಕಷ್ಟಕ್ಕೊಳಗಾಗಿದ್ದ ನೇಕಾರರಿಗೆ ಹಣದ ನೆರವು ಕೊಡುವುದೇ ಅದರ ಸಂಕಲ್ಪ. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಹೆಸರಿನಲ್ಲಿಯೂ ಕೈಗಾರಿಕೆ ಮುಂದೆ, ಬ್ಯಾಂಕು ಹಿಂದೆ. ಮೂರು ವರ್ಷಗಳಲ್ಲಿಯೇ ಈ ಕ್ರಮ ತಿರುಗುಮುರುಗಾಯಿತು. 1928ರಲ್ಲಿ ಪಿಗ್ಮಿ ಠೇವಣಿಯೆಂಬ ಯೋಜನೆ ಹುಟ್ಟಿತು: ಸಂಸ್ಥೆಯ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಅಲ್ಪವಾದ ಹಣವನ್ನೂ ಪಡೆದು ಲೆಕ್ಕಕ್ಕೆ ಸೇರಿಸುವುದು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ. ಒಟ್ಟಿಗೆ ಅಷ್ಟು ಹಣವನ್ನು ಕಂಡರಿಯದ ಮನೆಗಳಿಗೆ ಇದು ಸಣ್ಣ ಮೊತ್ತವಲ್ಲ.

ಸಾಲ ಕೊಡಲು ಹೊರಟವರು ಕಾಸು ಕೇಳಲು ಬಂದರಲ್ಲಾ ಎಂದು ಆಕ್ಷೇಪಿಸಬಹುದು. ಆದರೆ ನೇಕಾರನ ಕೊರತೆ ಅವನೊಬ್ಬನದಲ್ಲ. ಬೆಳಗ್ಗೆ ದುಡಿದದ್ದು ಸಂಜೆಗೆ ಕರಗಿಹೋಗುವ ಪ್ರತಿಯೊಬ್ಬನ ಕೊರತೆಯೂ ಅದೇ. ಅಂಥವನಿಗೆ ಸಾಲ ಕೊಡುವುದು ದಯೆ. ಅವನಲ್ಲಿಯೂ ಉಳಿಯತಕ್ಕ ಎರಡಾಣೆಯುಂಟೆಂದು ನಂಬಿ ಅದನ್ನು ಕೇಳಲು ಹೋಗುವುದು ಮರ್ಯಾದೆ. ಹೊಸ ಯೋಜನೆಯು ಹಳೆಯದನ್ನು ಬಿಟ್ಟದ್ದಲ್ಲ, ಅದರೊಳಗಣ ತಿರುಳನ್ನು ಕಂಡುಕೊಂಡದ್ದು.

ಈ ಸಮಾಧಾನದಲ್ಲಿ ಒಂದು ಅಪಾಯವೂ ಉಂಟು. ‘ಉದ್ದೇಶ ಅದೇ, ಉಪಾಯ ಮಾತ್ರ ಬೇರೆ’ ಎಂಬ ಮಾತು ಎಂತಹ ಪಲ್ಲಟಕ್ಕೂ ಹೊದಿಕೆಯಾಗಬಲ್ಲದು. ಉದ್ದೇಶವನ್ನು ಹಿಗ್ಗಿಸುತ್ತ ಹೋದಂತೆಲ್ಲ ಅದನ್ನು ಮುರಿಯುವುದೇ ಅಸಾಧ್ಯವಾಗುತ್ತದೆ; ಜನಸೇವೆಯೆಂದು ಬರೆದುಕೊಂಡವನು ಏನು ಮಾಡಿದರೂ ಸೇವೆಯೇ! ಆದುದರಿಂದ ಒರೆಗಲ್ಲು ಸಂಸ್ಥಾಪಕನ ಮನಸ್ಸಿನಲ್ಲಿಲ್ಲ, ಅವನನ್ನು ನಂಬಿದವನ ಜಗಲಿಯಲ್ಲಿದೆ. ಮಾರ್ಪಾಟನ್ನು ಆ ಜಗಲಿಯ ಮೇಲೆ ಕುಳಿತು, ಮುಖವನ್ನು ನೋಡಿ ವಿವರಿಸಲು ಸಾಧ್ಯವೆ? ಪಿಗ್ಮಿಯನ್ನು ನೇಕಾರನಿಗೆ ಹಾಗೆ ವಿವರಿಸಬಹುದಾಗಿತ್ತು.

ಎಲ್ಲ ಉದ್ಯಮಗಳಿಗೂ ಈ ಹಂಗು ಸಮನಾಗಿಲ್ಲ. 1945ರಲ್ಲಿ ಖಾನದೇಶದ ಅಮಲ್ನೇರಿನಲ್ಲಿ ವನಸ್ಪತಿ ತಯಾರಿಸಲು ಹುಟ್ಟಿದ ಕಂಪನಿಯೊಂದು ಮುಂದೆ ವಿಪ್ರೋ ಎಂಬ ಹೆಸರಿನಿಂದ ಗಣಕಯಂತ್ರಗಳ ವ್ಯವಹಾರಕ್ಕಿಳಿದು ಬೆಂಗಳೂರಿನಲ್ಲಿ ಪ್ರಸಿದ್ಧವಾಯಿತು. ಎಣ್ಣೆಗೂ ಗಣಕಕ್ಕೂ ಎತ್ತಣ ಸಂಬಂಧ? ಆದರೂ ಅಲ್ಲಿ ವಚನಭಂಗವನ್ನು ಕಾಣಲಾಗದು. ಡಬ್ಬಿಯನ್ನು ಕೊಂಡವನಿಗೆ ಡಬ್ಬಿಯೊಳಗಿನ ಪದಾರ್ಥದ ವಿಷಯವಾಗಿ ಹೊರತು ಬೇರೆ ಮಾತನ್ನು ಯಾರೂ ಕೊಟ್ಟಿರಲಿಲ್ಲ. ಪಾಲುಗಾರರ ಸಮ್ಮತಿ ಬೇರೆಯ ವಿಷಯ.

ಉಡುಪಿಯ ಸಂಸ್ಥೆ ಸಿಂಡಿಕೇಟ್ ಬ್ಯಾಂಕೆಂದಾಯಿತು, 1969ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು, ಮಂಗಳೂರಿನಲ್ಲಿ 1906ರಲ್ಲಿ ಒಂದು ನಿಧಿಯಾಗಿ ಹುಟ್ಟಿದ್ದ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಹೆಸರು ಹೋದುದಕ್ಕೆ ಮರುಗುವವರುಂಟು. ಅದಕ್ಕಿಂತ ಗಂಭೀರವಾದ ಸಂಗತಿ ಮತ್ತೊಂದಿದೆ. ಮಾರ್ಪಟ್ಟ ಸಂಕಲ್ಪವು ಹಳಬರ ಋಣವನ್ನು ತೀರಿಸಿದರೆ ಸಾಲದು, ಹೊಸಬರ ಋಣವನ್ನೂ ಹೊತ್ತುಕೊಳ್ಳುತ್ತದೆ. ಪಿಗ್ಮಿ ಬೆಳೆದದ್ದು ಬಿಸಿಲು ಮಳೆಯೆನ್ನದೆ ಬೀದಿ ಬೀದಿ ತಿರುಗಿದ ಸಂಗ್ರಾಹಕರ ಕಾಲಿನ ಬಲದಿಂದ. ಅವರಿಗೆ ದೊರೆತದ್ದು ಸಂಬಳವಲ್ಲ, ತಂದ ಹಣದ ಮೇಲಣ ಕಮಿಷನ್. ತಾವು ಬ್ಯಾಂಕಿನವರೋ ಹೊರಗಿನವರೋ ಎಂಬ ಅವರ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2001ರ ತೀರ್ಪಿನಲ್ಲಿ ನ್ಯಾಯಾಲಯವು ಅವರನ್ನು ಕಾನೂನಿನ ಅರ್ಥದಲ್ಲಿ ಕಾರ್ಮಿಕರೆಂದು ಒಪ್ಪಿತು; ಬ್ಯಾಂಕಿನ ಖಾಯಂ ನೌಕರರೆಂದು ಒಪ್ಪಲಿಲ್ಲ. ಆ ವೇಳೆಗೆ ಯೋಜನೆ ಹುಟ್ಟಿ 73 ವರ್ಷಗಳಾಗಿದ್ದುವು.